ನೀರೊಳಗಿನ ಬೆವರು

ಪಿರಿಯಾಪಟ್ಟಣದ ಸೀಮೆಯಲ್ಲಿ, ಅದರಲ್ಲಿಯೂ ನಮ್ಮ ಹಾರನಹಳ್ಳಿಯ ಕಡೆಯ ಊರುಗಳಲ್ಲಿ, ‘ಕುರುಕ್ಷೇತ್ರ’ ನಾಟಕವನ್ನಾಡದ ಊರು ಅಪೂರ್ವವೆಂದೇ ಹೇಳಬೇಕು. ಹೊಗೆಸೊಪ್ಪಿನ ಹರಾಜು ಮುಗಿದು ಜನರ ಕೈಯಲ್ಲಿ ನಾಲ್ಕು ಕಾಸು ಓಡಾಡತೊಡಗಿತೆಂದರೆ, ನಾಟಕದ ಮೇಷ್ಟರು ಹಾರ್ಮೋನಿಯಂ ಪೆಟ್ಟಿಗೆಯೊಡನೆ ಊರಿಗೆ ಬಂದಿಳಿಯುವರು. ವೇಷ ಹಾಕುವವನೇ ಪಾತ್ರಕ್ಕೆ ಇಷ್ಟೆಂದು ಹಣ ಕಟ್ಟಬೇಕು. ಕೃಷ್ಣನಿಗೂ ದುರ್ಯೋಧನನಿಗೂ ಬೆಲೆ ಹೆಚ್ಚು, ನಕುಲ ಸಹದೇವರಿಗೆ ಪಾಪ, ಅಗ್ಗದ ದರ. ಎರಡು ಮೂರು ತಿಂಗಳು ರಾತ್ರಿಯ ಅಭ್ಯಾಸ ನಡೆದು, ಬಾಡಿಗೆಯ ಸೀನರಿ ಬಂದು, ಗುಡಿಯ ಮುಂದಿನ ಬಯಲಿನಲ್ಲಿ ಆರಂಭವಾದ ಆಟ ಮರುದಿನ ಬೆಳಕು ಹರಿಯುವವರೆಗೂ ಸಾಗುವುದು.

ನಮ್ಮ ತಂದೆ ದುರ್ಯೋಧನ. ನಮ್ಮ ಚಿಕ್ಕಪ್ಪ ದುಶ್ಶಾಸನ. ನನಗೆ ತಿಳಿವಳಿಕೆ ಬಂದಂದಿನಿಂದ ಹೀಗೆಯೇ ಇದ್ದಿತು. ಬಾಡಿಗೆಗೆ ಬರುತ್ತಿದ್ದ ಕಿರೀಟ ತಂದೆಯ ತಲೆಗೆ ದೊಡ್ಡದಾಗುತ್ತಿದ್ದುದರಿಂದ ಒಳಗೊಂದು ಟವಲನ್ನು ಸುತ್ತಿ ಕೂರಿಸುತ್ತಿದ್ದರು. ಚಿಕ್ಕಪ್ಪ ವರ್ಷವರ್ಷವೂ ಭೀಮನ ಕೈಯಲ್ಲಿ ಎದೆ ಸೀಳಿಸಿಕೊಂಡು, ಕುಂಕುಮದ ನೀರಿನಲ್ಲಿ ತೊಯ್ದು ಸಾಯುವರು. ಪರದೆ ಬಿದ್ದೊಡನೆ ಎದ್ದು ಹಿಂದಿನ ಬೇಲಿಯ ಬಳಿ ಕುಳಿತು ಬೀಡಿ ಹಚ್ಚುವರು. ನನ್ನ ಪಾಲಿಗೆ ಬಂದಿದ್ದ ಕೆಲಸ ವೈಶಂಪಾಯನ ಸರೋವರವನ್ನು ಹಿಡಿದುಕೊಳ್ಳುವುದು. ಸರೋವರವೆಂದರೆ ನಮ್ಮ ತಾಯಿಯ ಒಂದು ನೀಲಿ ಸೀರೆ. ಅದರ ಒಂದು ತುದಿಯನ್ನು ನಾನೂ ಇನ್ನೊಂದು ತುದಿಯನ್ನು ಮತ್ತೊಬ್ಬ ಹುಡುಗನೂ ಹಿಡಿದು ಮೆಲ್ಲಗೆ ಅಲುಗಿಸಬೇಕು. ಅದರ ಮರೆಯಲ್ಲಿ ದುರ್ಯೋಧನ ಕುಳಿತಿರಬೇಕು. ಆಚೆಯಿಂದ ಭೀಮ ಗರ್ಜಿಸುತ್ತಿರುವಾಗ ನಾನು ಬಗ್ಗಿ ನೋಡಿದರೆ, ಗ್ಯಾಸ್ ಲೈಟಿನ ಬೆಳಕಿನಲ್ಲಿ ತಂದೆಯ ಹಣೆಯಿಂದ ಬಣ್ಣ ಕರಗಿ ಬೆವರು ಧಾರೆಯಾಗಿ ಇಳಿಯುತ್ತಿದ್ದಿತು. ಜರಿಯ ಅಂಗಿ, ಮರದ ಭುಜಕೀರ್ತಿ, ಮೇಲೆ ಸೀರೆ, ಬೆವರದೆ ಇನ್ನೇನು? ನನಗೆ ನಗು ಬರುತ್ತಿದ್ದಿತು.

ಕೆಲವು ವರ್ಷಗಳ ಅನಂತರ ಮೈಸೂರಿನ ಕಾಲೇಜಿನಲ್ಲಿ ರನ್ನನ ಗದಾಯುದ್ಧ ನಮಗೆ ಪಾಠವಾಯಿತು. ಭೀಮನ ಆರ್ಭಟವನ್ನು ಕೇಳಿ ಸರ್ಪಧ್ವಜನಾದ ಕೌರವ ನೀರಿನೊಳಗಿದ್ದೂ ಬೆವರಿದನೆಂದು ಕವಿ ಹೇಳುವ ಸ್ಥಳಕ್ಕೆ ಅಧ್ಯಾಪಕರು ಬಂದರು. ಇಡೀ ತರಗತಿ ತಲೆದೂಗಿತು. ನಾನೊಬ್ಬನು ಕಿಸಕ್ಕನೆ ನಕ್ಕು ಹೊರಗೆ ನಿಲ್ಲಬೇಕಾಯಿತು. ನೀಲಿ ಸೀರೆಯ ಕಥೆಯನ್ನು ಅವರಿಗೆ ಹೇಳುವ ಧೈರ್ಯ ನನಗಿರಲಿಲ್ಲ. ಆದರೆ ಹೊರಗೆ ನಿಂತಾಗ ಒಂದು ಸಂದೇಹ ಹುಟ್ಟಿತು. ದುರ್ಯೋಧನನಿಗೆ ರನ್ನ ಎಷ್ಟೋ ಹೆಸರುಗಳನ್ನು ಕೊಟ್ಟಿದ್ದಾನೆ. ಇಲ್ಲಿ ಮಾತ್ರ ಹಾವಿನ ಬಾವುಟದವನೆಂದು ಏಕೆ ಕರೆದ? ಛಂದಸ್ಸಿನ ಅನುಕೂಲಕ್ಕೆಂದು ಅಧ್ಯಾಪಕರು ಹೇಳಿಯಾರು. ಇರಬಹುದು, ಒಳ್ಳೆಯ ಕವಿಗೆ ಛಂದಸ್ಸೂ ಸಹಾಯಮಾಡುತ್ತದೆ.

ಕಾವ್ಯದಲ್ಲಿ, ಅದರಲ್ಲಿಯೂ ರುದ್ರನಾಟಕದಲ್ಲಿ, ಪದೇ ಪದೇ ಬರುವ ಚಿತ್ರಗಳನ್ನು ಹಿಡಿದು ಪಾತ್ರದ ಒಳಗನ್ನು ಕಾಣುವ ಕ್ರಮವೊಂದುಂಟು. ಇಂಗ್ಲೆಂಡಿನಲ್ಲಿ ಕ್ಯಾರೊಲಿನ್ ಸ್ಪರ್ಜನ್ ಎಂಬ ವಿದುಷಿ ೧೯೩೫ರಲ್ಲಿ ಷೇಕ್ಸ್‌ಪಿಯರನ ಉಪಮೆ ರೂಪಕಗಳನ್ನೆಲ್ಲ ಕಲೆಹಾಕಿ, ವರ್ಗಮಾಡಿ, ಪಟ್ಟಿ ನಕ್ಷೆಗಳೊಡನೆ ಒಂದು ಗ್ರಂಥವನ್ನು ಪ್ರಕಟಿಸಿದಳು. ಹ್ಯಾಮ್ಲೆಟ್ಟಿನಲ್ಲಿ ಹುಣ್ಣು ಕೀವು ರೋಗಗಳ ಚಿತ್ರಗಳು, ಲಿಯರ್ ನಾಟಕದಲ್ಲಿ ಹಿಂಸೆಗೀಡಾದ ಮೈಯ ಚಿತ್ರಗಳು, ಮ್ಯಾಕ್‌ಬೆತ್ತಿನಲ್ಲಿ ಮೈಗೊಪ್ಪದ ಉಡುಪಿನ ಚಿತ್ರಗಳು ಮತ್ತೆ ಮತ್ತೆ ಬರುವುದನ್ನು ತೋರಿಸಿದಳು. ಇಂತಹ ಲೆಕ್ಕದಲ್ಲಿ ಸ್ವಲ್ಪ ಶ್ಯಾನುಭೋಗಿಕೆಯ ವಾಸನೆ ಇಲ್ಲದಿಲ್ಲ. ಇಷ್ಟು ಸಲ ಹಾವು, ಇಷ್ಟು ಸಲ ನಾಯಿ ಎಂದು ಖಾತೆ ಬರೆದ ಮಾತ್ರಕ್ಕೆ ಕಾವ್ಯ ಕೈಗೆ ಸಿಕ್ಕುವುದಿಲ್ಲ. ಆದರೂ ಆಕೆ ಹಿಡಿದ ಎಳೆ ಸುಳ್ಳಲ್ಲ. ಮನುಷ್ಯನು ತನ್ನ ವಿಷಯವಾಗಿ ತಾನು ಹೇಳಿಕೊಳ್ಳುವ ಮಾತುಗಳಲ್ಲಿ ಎಷ್ಟೋ ಮರೆಮಾಚಬಲ್ಲನು. ತಾನು ಬಳಸುವ ಹೋಲಿಕೆಗಳಲ್ಲಿ ಅಷ್ಟು ಮರೆಮಾಚಲಾರನು. ಹೋಲಿಕೆ ಅವನ ಕೈಮೀರಿ ಹೊರಬರುತ್ತದೆ.

ಮ್ಯಾಕ್‌ಬೆತ್ ಕನ್ನಡಕ್ಕೆ ಹೊಸಬನಲ್ಲ. ಎಂ. ಎಲ್. ಶ್ರೀಕಂಠೇಶಗೌಡರು ಅವನನ್ನು ೧೮೯೫ರಲ್ಲಿಯೇ ‘ಪ್ರತಾಪರುದ್ರದೇವ’ನನ್ನಾಗಿ ಮಾಡಿ ತಂದರು, ಡಿ. ವಿ. ಗುಂಡಪ್ಪನವರು ೧೯೩೬ರಲ್ಲಿ ಅವನ ಹೆಸರಿನಲ್ಲಿಯೇ ಅನುವಾದಿಸಿದರು. ಕಳ್ಳತನದಿಂದ ಬಂದ ರಾಜತ್ವ ಅವನ ಮೈಮೇಲೆ ಜೋಲುವ ಅಂಗಿಯಂತೆ ಕಾಣುವುದೆಂಬ ಚಿತ್ರವನ್ನು ಓದಿದಾಗ ನನಗೆ ತಂದೆಯ ಬಾಡಿಗೆಯ ಕಿರೀಟದ ನೆನಪಾಯಿತು. ಅದೂ ಅಳತೆಗೆ ಮೀರಿದುದೇ. ಆದರೆ ತಂದೆ ಅದನ್ನು ಧರಿಸಿ ರಂಗಕ್ಕೆ ಬಂದರೆ ಅದು ದೊಡ್ಡದೆಂದು ಯಾರಿಗೂ ತೋರುತ್ತಿರಲಿಲ್ಲ. ಮ್ಯಾಕ್‌ಬೆತ್ತನಿಗೂ ನಮ್ಮ ದುರ್ಯೋಧನನಿಗೂ ಇರುವ ಅಂತರ ಇದೆಂದು ತೋರುತ್ತದೆ. ಅವನು ಕಿರೀಟವನ್ನು ಕದ್ದವನು, ಕೊನೆಯವರೆಗೂ ಅದರೊಳಗೆ ಚಿಕ್ಕವನಾಗಿಯೇ ಉಳಿದನು. ಇವನು ಕಿರೀಟದೊಡನೆಯೇ ಹುಟ್ಟಿದವನು. ಸುತ್ತಲಿನದೆಲ್ಲ ನಾಶವಾದಂತೆ ದೊಡ್ಡವನಾಗುತ್ತ ಹೋದನು. ಆದುದರಿಂದ ರನ್ನನಿಗೆ ಉಡುಪಿನ ಚಿತ್ರ ಬೇಕಾಗಲಿಲ್ಲ. ಅವನಿಗೆ ಬೇಕಾದುವು ಬೇರೆ.

ಮೊದಲನೆಯದು ಹಾವು. ದುರ್ಯೋಧನನ ಧ್ವಜದಲ್ಲಿ ಸರ್ಪವಿದೆ. ಕವಿ ಅದನ್ನು ಧ್ವಜದ ಮೇಲೆಯೇ ಬಿಡದೆ ಅವನ ಹೆಸರಿಗೆ ಅಂಟಿಸಿ ಹೋದಹೋದಲ್ಲಿ ನೆನಪುಮಾಡುತ್ತಾನೆ. ಭೀಮನಾದರೋ ಗಾಳಿಯ ಮಗ. ಹಾವಿಗೆ ಪವನಾಶನ, ಎಂದರೆ ಗಾಳಿಯನ್ನುಂಡು ಬದುಕುವುದು, ಎಂಬ ಹೆಸರು ನಿಘಂಟುಗಳಲ್ಲಿದೆ. ಗಾಳಿಯನ್ನು ಉಣ್ಣಬೇಕಾದ ಹಾವನ್ನು ಇಲ್ಲಿ ಗಾಳಿಯೇ ಹುಡುಕಿಕೊಂಡು ಬಂದಿದೆ. ಹಾವು ಬಿಲವನ್ನು ಹೊಕ್ಕಂತೆ ಅವನು ಕೊಳವನ್ನು ಹೊಕ್ಕಿದ್ದಾನೆ. ಹೊಕ್ಕದ್ದು ತನ್ನ ಮನಸ್ಸಿನಿಂದಲೂ ಅಲ್ಲ. ಶರಶಯ್ಯೆಯ ಮೇಲಿರುವ ಭೀಷ್ಮನು ಆ ಒಂದು ದಿನವನ್ನು ಕಳೆಯೆಂದು ಹೇಳಿದ್ದಕ್ಕಾಗಿ. ಜಲಸ್ತಂಭನದ ಮಂತ್ರದಿಂದ ನೀರಿನ ಕೆಳಗೆ ಉಸಿರು ಬಿಗಿಹಿಡಿದಿರುವವನಿಗೆ ಹೊರಗಿನಿಂದ ಗಾಳಿಯ ಮಗನ ಕೂಗು ಕೇಳಿಸುತ್ತದೆ. ಅವನು ಬೆವರುವುದು ಆಗ. ಭಯದ ಬೆವರೆಂದು ಕೆಲವರು, ರೋಷದ ಬೆವರೆಂದು ಕೆಲವರು ಬರೆದಿದ್ದಾರೆ. ನಾನು ರೋಷದ ಪಕ್ಷ. ಏಕೆಂದರೆ ಮರುಕ್ಷಣದಲ್ಲಿಯೇ ಅವನು ನೀರನ್ನು ಸೀಳಿ ಮೇಲೇಳುವಾಗ ಕವಿ ಅವನನ್ನು ಪಾತಾಳದಿಂದ ಏಳುವ ಪ್ರಳಯಾಗ್ನಿಯ ರುದ್ರನಿಗೆ ಹೋಲಿಸುತ್ತಾನೆ. ನೀರಿನಿಂದ ಬೆಂಕಿ ಹೊರಟಿತು. ಹಾಗಾದರೆ ಬೆವರು ಆ ಬೆಂಕಿಯ ಮೊದಲ ಗುರುತಲ್ಲವೇ? ಸಮುದ್ರದ ಹೊಟ್ಟೆಯಲ್ಲಿ ಬಡಬಾಗ್ನಿಯನ್ನಿಟ್ಟ ಪುರಾಣದ ಕಲ್ಪನೆಗೆ ಒಗ್ಗಿದ ನಮ್ಮ ಕಿವಿಗೆ ಇದು ವಿಚಿತ್ರವಾಗಿ ಕೇಳುವುದಿಲ್ಲ. ಅರಗಿನ ಮನೆಗೆ ಬೆಂಕಿಯಿಡಿಸಿದವನ ಒಳಗೆ ಆ ಬೆಂಕಿ ಆರಿರಲಿಲ್ಲವೆಂದು ಹೇಳುವುದಕ್ಕೆ ಕವಿಗೆ ಒಂದು ಕೊಳ ಸಾಕಾಯಿತು.

ಸೂರ್ಯನ ಚಿತ್ರವನ್ನು ಎಲ್ಲರೂ ಬಲ್ಲರು. ಕುರುಕುಲದ ಸೂರ್ಯನೂ ಆಕಾಶದ ಸೂರ್ಯನೂ ಒಮ್ಮೆಗೇ ಮುಳುಗುವ ಮುಕ್ತಾಯವನ್ನು ಶಾಲೆಯ ಮಕ್ಕಳೂ ಹೇಳಿಯಾರು, ಅದನ್ನು ಬೆಳಸುವುದಿಲ್ಲ.

ಬಿ. ಎಂ. ಶ್ರೀಕಂಠಯ್ಯನವರು ಈ ಚಂಪುವಿನಲ್ಲಿ ನಾಟಕ ಅಡಗಿರುವುದನ್ನು ಕಂಡು, ರನ್ನನ ಪದ್ಯಗಳನ್ನೇ ಆಯ್ದು ಜೋಡಿಸಿ, ೧೯೨೬ರಲ್ಲಿ ‘ಗದಾಯುದ್ಧ ನಾಟಕಂ’ ಎಂದು ಹೊರತಂದರು. ಗ್ರೀಕರ ದುರಂತ ನಾಟಕಗಳನ್ನು ಬಲ್ಲವರ ಕಣ್ಣಿಗಲ್ಲದೆ ಹತ್ತನೆಯ ಶತಮಾನದ ಕನ್ನಡ ಕಾವ್ಯದೊಳಗಿನ ಆ ರುದ್ರನಾಯಕ ಅಷ್ಟು ಸ್ಪಷ್ಟವಾಗಿ ಕಾಣುತ್ತಿರಲಿಲ್ಲವೇನೋ. ಈ ದಾರಿ ಮುಂದೆಯೂ ನಿಲ್ಲಲಿಲ್ಲ. ೧೯೬೪ರ ಗಿರೀಶ ಕಾರ್ನಾಡರ ‘ತುಘಲಕ್’ ನಾಟಕದಲ್ಲಿ ಪ್ರಾರ್ಥನೆ, ಚದುರಂಗ, ಗುಲಾಬಿಯ ತೋಟ, ನಿದ್ರೆ ಈ ನಾಲ್ಕನ್ನು ಹಿಡಿದು ಹೋದರೆ ಸುಲ್ತಾನನ ಪತನವೆಲ್ಲ ಕಾಣುವುದು. ಗುಲಾಬಿಗಾಗಿ ಮಾಡಿಸಿದ ತೋಟದಲ್ಲಿ ಖೋಟಾ ನಾಣ್ಯಗಳ ರಾಶಿ ಬೀಳುತ್ತದೆ. ನಿದ್ರೆಯನ್ನು ಹಗೆಯೆಂದು ಭಾವಿಸಿದವನನ್ನು ಕೊನೆಯಲ್ಲಿ ಪ್ರಾರ್ಥನೆಯ ಹೊತ್ತಿಗೆ ಸರಿಯಾಗಿ ನಿದ್ರೆ ಹಿಡಿಯುತ್ತದೆ. ಕಾರ್ನಾಡರು ಇದನ್ನು ಎಚ್ಚರದಿಂದ ಹೆಣೆದವರು. ರನ್ನ ಹೆಣೆದನೋ, ಅಥವಾ ಅದು ತಾನಾಗಿ ಒದಗಿತೋ, ನಾನು ವಾದಿಸಲಾರೆನು.

ನನ್ನನ್ನು ಬಹುಕಾಲ ಕಾಡಿದ ಚಿತ್ರ ಇವು ಯಾವುವೂ ಅಲ್ಲ. ರಣರಂಗದಲ್ಲಿ ಸಂಜಯನೊಡನೆ ಹೆಣಗಳ ನಡುವೆ ಎಡವುತ್ತ ನಡೆಯುವ ದುರ್ಯೋಧನನು ಸತ್ತವರೊಬ್ಬೊಬ್ಬರ ಮುಂದೆ ನಿಲ್ಲುತ್ತಾನೆ. ಹಗೆಯ ಮಗನಾದ ಅಭಿಮನ್ಯುವಿನ ಮುಂದೆ ನಿಂತು ಅಂತಹ ಸಾವಿನಲ್ಲಿ ತನಗೂ ಒಂದು ಪಾಲು ಬರಲೆಂದು ಬೇಡುತ್ತಾನೆ. ಕರ್ಣನ ಹುಟ್ಟಿನ ಗುಟ್ಟು ತನಗೆ ತಿಳಿದಿತ್ತೆಂದು ಒಪ್ಪಿಕೊಳ್ಳುತ್ತಾನೆ. ದುಶ್ಶಾಸನನ ಮುಂದೆ ಮಾತ್ರ ಅವನು ರಾಜನಂತೆ ಮಾತನಾಡುವುದಿಲ್ಲ. ತಾಯಿಯ ಹಾಲಿನಿಂದ ಮೊದಲಾಗಿ ಉಣ್ಣುವುದರಲ್ಲಿ ಕುಡಿಯುವುದರಲ್ಲಿ ಯಾವಾಗಲೂ ನನ್ನ ಹಿಂದೆ ಬಂದ ನೀನು ಸಾವಿನಲ್ಲಿ ಮಾತ್ರ ಕ್ರಮ ತಪ್ಪಿಸಿದೆಯೆಂಬುದು ಅವನ ಅಳಲಿನ ಭಾವ. ತರಗತಿಯಲ್ಲಿ ಇದನ್ನು ಕರುಣರಸಕ್ಕೆ ಉದಾಹರಣೆಯೆಂದು ಬರೆದುಕೊಂಡು ಮುಂದೆ ಹೋದೆವು. ಈ ಮಾತು ಯಾವ ದೇಹದ ಮುಂದೆ ಹೊರಟಿತೆಂಬುದನ್ನು ನಾವಾರೂ ನೋಡಲಿಲ್ಲ. ಆ ದೇಹದ ಎದೆಯನ್ನು ಸೀಳಿ ಭೀಮನು ನೆತ್ತರು ಕುಡಿದಿದ್ದಾನೆ. ತಮ್ಮನ ರಕ್ತವನ್ನು ಪಾನಮಾಡಿದ ಸ್ಥಳದಲ್ಲಿ ಅಣ್ಣನಿಗೆ ನೆನಪಾಗುವುದು ತಾಯಿಯ ಸ್ತನ್ಯ. ಕುಡಿಯುವ ಚಿತ್ರ ಕಾವ್ಯದಲ್ಲಿ ಒಮ್ಮೆ ಪ್ರತಿಜ್ಞೆಯಾಗಿ, ಒಮ್ಮೆ ಕೃತ್ಯವಾಗಿ ಬಂದು, ಇಲ್ಲಿ ಹಾಲಾಗಿ ತಿರುಗುತ್ತದೆ. ಐದು ಊರನ್ನೂ ಕೊಡಲೊಪ್ಪದವನ ಬಾಯಿಂದ, ಒಂದೇ ಪಾತ್ರೆಯಲ್ಲಿ ಹಂಚಿಕೊಂಡು ಉಂಡ ಮಾತು! ಅವನ ಛಲದ ಹಿಂದೆ ಏನಿದ್ದಿತೆಂಬುದು ಇಲ್ಲಿ ಒಂದು ಗಳಿಗೆ ಕಂಡು ಮರೆಯಾಗುತ್ತದೆ.

ಇಷ್ಟನ್ನೂ ನಾನು ಪುಸ್ತಕದಿಂದ ಕಲಿಯಲಿಲ್ಲ.

ನಮ್ಮ ಮನೆಯಲ್ಲಿ ಹೊಗೆಸೊಪ್ಪಿನ ಬೇಸಾಯ. ಸೊಪ್ಪನ್ನು ಕಡ್ಡಿಗೆ ಕಟ್ಟಿ ಬ್ಯಾರನ್ನಿನಲ್ಲಿ ತೂಗುಹಾಕಿ, ಹೊರಗಿನ ಒಲೆಗೆ ಸೌದೆಯಿಟ್ಟು, ಕಬ್ಬಿಣದ ಕೊಳವೆಗಳ ಮೂಲಕ ಕಾವು ಕೊಡಬೇಕು. ಮೊದಲು ಮೆಲುಗಾವಿನಲ್ಲಿ ಎಲೆ ಹಳದಿಯಾಗಬೇಕು. ಅನಂತರ ಕಾವೇರಿಸಿ ಒಣಗಿಸಬೇಕು. ಕಡೆಗೆ ನಡುದಂಟೂ ಒಣಗಬೇಕು. ಐದಾರು ದಿನ ಹಗಲಿರುಳೂ ಯಾರಾದರೊಬ್ಬರು ಎಚ್ಚರವಾಗಿರಬೇಕು. ತಂದೆಯ ಮಾತೆಲ್ಲವೂ ಈ ಒಲೆಯಿಂದಲೇ ಬರುತ್ತಿದ್ದಿತು. ಮಗುವಿಗೆ ಜ್ವರ ಬಂದರೆ ‘ಕಾವು ಏರಿದೆ’. ಹುಡುಗ ಬೇಗ ಬುದ್ಧಿವಂತನಾದರೆ ‘ಹಣ್ಣಾಗುವ ಮೊದಲೇ ಒಣಗಿತು’. ಪಂಚಾಯಿತಿಯಲ್ಲಿ ಜಗಳವಾದರೆ ‘ಕೊಳವೆ ಕೆಂಪಗಾಯಿತು’. ಅಣ್ಣತಮ್ಮಂದಿರಿಬ್ಬರೂ ಸರದಿಯ ಮೇಲೆ ಕಾಯುತ್ತಿದ್ದರು. ನಡುರಾತ್ರಿ ನಮ್ಮ ತಾಯಿ ಒಂದು ಚೊಂಬು ಕಾಫಿ ತಂದಿಡುವರು. ತಂದೆ ಅರ್ಧ ಕುಡಿದು ಚೊಂಬನ್ನು ಚಾಚುವರು. ಉಳಿದುದನ್ನು ಚಿಕ್ಕಪ್ಪ ಕುಡಿಯುವರು. ಲೋಟವಿದ್ದರೂ ಬಳಸುತ್ತಿರಲಿಲ್ಲ.

ನಾನು ಮೈಸೂರಿನಲ್ಲಿ ಓದುತ್ತಿದ್ದ ಕಾಲದಲ್ಲಿ, ಒಂದು ಶ್ರಾವಣದ ರಾತ್ರಿ, ಚಿಕ್ಕಪ್ಪನ ಸರದಿಯಲ್ಲಿ ಅವರಿಗೆ ನಿದ್ರೆ ಹತ್ತಿತು. ಒಣಗಿದ ಎಲೆಯೊಂದು ಕಳಚಿ ಕಾದ ಕೊಳವೆಯ ಮೇಲೆ ಬಿದ್ದಿರಬೇಕು. ಬ್ಯಾರನ್ನಿಗೆ ಬ್ಯಾರನ್ನೇ ಉರಿದುಹೋಯಿತು. ಊರು ನೆರೆದಿದ್ದಾಗ ತಂದೆ, ‘ನನ್ನ ಮನೆಗೆ ಬೆಂಕಿ ಇಟ್ಟೆ’ ಎಂದರು. ಒಂದೇ ಮಾತು. ಚಿಕ್ಕಪ್ಪ ಎದುರಾಡಲಿಲ್ಲ. ಆ ವರ್ಷವೇ ಮನೆ ಪಾಲಾಯಿತು, ನಡುವೆ ಗೋಡೆ ಎದ್ದಿತು. ಚಿಕ್ಕಪ್ಪ ದುಶ್ಶಾಸನನ ವೇಷವನ್ನು ಬಿಟ್ಟುಕೊಟ್ಟರು. ಒಂದು ವರ್ಷ ಬೇರೊಬ್ಬ ದುಶ್ಶಾಸನನ ಮುಂದೆ ಅತ್ತು ನೋಡಿ, ತಂದೆಯೂ ಬಿಟ್ಟರು. ತಂದೆಯ ಬಾಯಿಂದ ಬೆಂಕಿಯ ಮಾತುಗಳು ಹೋದುವು. ಕಾವು, ಉರಿ, ಕಿಡಿ ಎಂಬ ಶಬ್ದಗಳನ್ನು ಅವರು ಕೆಲಸಕ್ಕೆ ಮಾತ್ರ ಬಳಸತೊಡಗಿದರು. ಆಗ ನಾನು ಇದನ್ನು ಗಮನಿಸಲಿಲ್ಲ. ಈಗ ಹಿಂತಿರುಗಿ ನೋಡಿದಾಗ ಗಮನಕ್ಕೆ ಬಂದಿದೆ.

ಎಂಟು ವರ್ಷ ಹೀಗೆ ನಡೆಯಿತು. ಅಷ್ಟರಲ್ಲಿ ನಾನು ಕನ್ನಡದ ಅಧ್ಯಾಪಕನಾಗಿ, ದುರ್ಯೋಧನನ ಛಲವನ್ನೂ ರುದ್ರನಾಟಕದ ತತ್ತ್ವವನ್ನೂ ವರ್ಷಕ್ಕೊಮ್ಮೆ ವಿವರಿಸುತ್ತ ಸಂಬಳ ಪಡೆಯುತ್ತಿದ್ದೆನು. ರಜಕ್ಕೆ ಊರಿಗೆ ಬಂದಾಗ ಗೋಡೆಯ ಆಚೆಗೂ ಹೋಗುತ್ತಿದ್ದೆನು. ನನಗೆ ಎರಡು ಮನೆಯಲ್ಲಿಯೂ ಊಟವಿದ್ದಿತು. ಒಂದು ಸಲ ಚಿಕ್ಕಪ್ಪ ಎಲೆಯಡಿಕೆ ಹಾಕಿಕೊಳ್ಳುತ್ತ, ನನ್ನ ಮುಖ ನೋಡದೆ, ‘ಅಣ್ಣಯ್ಯ ಈ ಸಲ ವೇಷ ಹಾಕ್ತಾರಂತಾ?’ ಎಂದು ಕೇಳಿದರು. ‘ಗೊತ್ತಿಲ್ಲ ಚಿಕ್ಕಪ್ಪಾ’ ಎಂದೆನು. ಆ ಪ್ರಶ್ನೆಯನ್ನು ಮೂವತ್ತು ಅಡಿ ದೂರ ಹೊತ್ತು ತಂದು ತಂದೆಯ ಮುಂದೆ ಇಡಬೇಕೆಂದು ನನಗೆ ತೋಚಲಿಲ್ಲ. ತೋಚಲಿಲ್ಲವೆಂದರೆ ಪೂರ್ಣ ಸತ್ಯವಾಗದು. ತಂದೆ ಸಿಡುಕಿಯಾರೆಂದು ಹೆದರಿ ಸುಮ್ಮನಾದೆನು. ನನ್ನ ಟಿಪ್ಪಣಿಗಳಲ್ಲಿ ಅದೇ ವಾರ ಭೀಷ್ಮನ ಸಂಧಿಯ ಪ್ರಯತ್ನದ ಮೇಲೆ ನಾಲ್ಕು ಪುಟ ಬರೆದಿದ್ದೆನೆಂಬುದು ನೆನಪಿದೆ.

ಮುಂದಿನ ಮಾಘದಲ್ಲಿ ಚಿಕ್ಕಪ್ಪ ತೀರಿಕೊಂಡರು. ಅಣ್ಣನಿಗಿಂತ ಆರು ವರ್ಷ ಚಿಕ್ಕವರು. ಗೋಡೆಯ ಆಚೆಯಿಂದ ಅಳು ಕೇಳಿದಾಗ ತಂದೆ ಹಟ್ಟಿಯಲ್ಲಿ ಹಸುವಿಗೆ ಹುಲ್ಲು ಹಾಕುತ್ತಿದ್ದರು. ಹುಲ್ಲನ್ನು ಹಾಕಿ ಮುಗಿಸಿ, ಕೈ ತೊಳೆದು ಹೋದರು. ಮಣ್ಣು ಮಾಡುವಾಗಲೂ ಅಳಲಿಲ್ಲ. ಮೂರನೆಯ ದಿನ ಹಾಲುತುಪ್ಪಕ್ಕೆ ನಾವೆಲ್ಲ ಹೊಲದಲ್ಲಿದ್ದ ಗುಡ್ಡೆಯ ಬಳಿಗೆ ಹೋದೆವು. ಮಕ್ಕಳು ಹಾಲು ಬಿಟ್ಟಾದ ಮೇಲೆ ತಂದೆಯ ಸರದಿ ಬಂದಿತು. ಹಾಲಿನ ಚೊಂಬನ್ನು ಹಿಡಿದುಕೊಂಡು ಬಹಳ ಹೊತ್ತು ನಿಂತರು. ಹಿರಿಯರೊಬ್ಬರು ಬಿಡಪ್ಪಾ ಎಂದಾಗ ಬಗ್ಗಿ ಬಿಡುತ್ತ, ಪಕ್ಕದಲ್ಲಿದ್ದ ನನಗೆ ಮಾತ್ರ ಕೇಳುವಂತೆ, ‘ಈ ಸಲ ನೀನೇ ಮೊದಲು ಕುಡಿ’ ಎಂದರು.

ನನ್ನ ತಂದೆ ರನ್ನನನ್ನು ಓದಿದವರಲ್ಲ. ಊರಿನ ನಾಟಕದ ಪುಸ್ತಕದಲ್ಲಿ ಆ ಪದ್ಯವಿರಲಿಲ್ಲ. ಅಲ್ಲಿ ತಮ್ಮನಿಗಾಗಿ ಅಳುವ ಕೌರವನಿಗೆ ಒಂದು ಹಾಡನ್ನು ಕೊಟ್ಟಿದ್ದರು, ಅದರಲ್ಲಿ ಸೇಡಿನ ಮಾತೇ ಹೆಚ್ಚು. ಹಾಗಿರುವಾಗ ಸಾವಿರ ವರ್ಷದ ಹಿಂದಿನ ಮುಧೋಳದ ಕವಿಯೂ ಹಾರನಹಳ್ಳಿಯ ಸೀಮೆಯ ಒಬ್ಬ ಬೇಸಾಯಗಾರನೂ ತಮ್ಮನ ಸಾವಿನ ಮುಂದೆ ನಿಂತು ಕುಡಿಯುವ ಸರದಿಯನ್ನೇ ಏಕೆ ನೆನೆದರು? ಇದಕ್ಕೆ ಸ್ಪರ್ಜನಳ ಪಟ್ಟಿಯಲ್ಲಿ ಉತ್ತರ ಸಿಕ್ಕುವುದಿಲ್ಲ. ಹಿರಿಯನೆಂಬುವನು ಮೊದಲು ಪಡೆಯುವವನು. ಮೊದಲು ಪಡೆದುದಕ್ಕೆ ಪ್ರತಿಯಾಗಿ ಮೊದಲು ಹೋಗಬೇಕಾದವನು. ನಮ್ಮ ಮನೆಗಳಲ್ಲಿ ಇದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಊಟದ ಪಂಕ್ತಿಯಲ್ಲಿ, ಚೊಂಬಿನ ಕಾಫಿಯಲ್ಲಿ ಅದು ದಿನವೂ ನಡೆಯುತ್ತಿರುತ್ತದೆ. ಅದು ತಿರುಗುಮುರುಗಾದಾಗ, ಹಿರಿಯನಿಗೆ ತಾನು ಕುಡಿದ ಅರ್ಧವೆಲ್ಲ ಸಾಲವಾಗಿ ಕಾಣುವುದೇನೋ. ದುರ್ಯೋಧನನ ಪದ್ಯದಲ್ಲಿ ನನಗೆ ಹಿಂದೆ ಶೋಕ ಮಾತ್ರ ಕಂಡಿತ್ತು. ಅಂದಿನಿಂದ ಲಜ್ಜೆಯೂ ಕಾಣುತ್ತಿದೆ.

ಮುಂದಿನ ಶ್ರಾವಣಕ್ಕೆ ನಾನು ರಜ ಹಾಕಿ ಊರಿಗೆ ಹೋದೆನು. ರಾತ್ರಿ ಬ್ಯಾರನ್ನಿನ ಒಲೆಯ ಮುಂದೆ ತಂದೆಯೊಡನೆ ಕುಳಿತಿದ್ದಾಗ ಪುಸ್ತಕವನ್ನು ತೆಗೆದು, ದುರ್ಯೋಧನನು ಕಳದಲ್ಲಿ ನಡೆಯುವ ಭಾಗವನ್ನು ಓದಿ, ಹಳಗನ್ನಡವನ್ನು ನಮ್ಮ ಮಾತಿಗೆ ತಿರುಗಿಸಿ ಹೇಳಿದೆನು. ದುಶ್ಶಾಸನನ ಪದ್ಯ ಬಂದಾಗ ಅವರು ಸೌದೆ ನೂಕುವುದನ್ನು ನಿಲ್ಲಿಸಿದರು. ನಾನು ಪುಸ್ತಕವನ್ನು ಮಡಿಚಿ, ಚಿಕ್ಕಪ್ಪ ಹಿಂದಿನ ವರ್ಷ ಕೇಳಿದ ಪ್ರಶ್ನೆಯನ್ನು ಹೇಳಿದೆನು. ಹೇಳದೆ ಇಟ್ಟುಕೊಂಡುದನ್ನೂ ಹೇಳಿದೆನು. ಅವರು ಬೈಯಲಿಲ್ಲ. ಒಲೆಯನ್ನೇ ನೋಡುತ್ತಿದ್ದು, ಸ್ವಲ್ಪ ಹೊತ್ತಾದ ಮೇಲೆ, ‘ಆ ಪುಸ್ತಕ ಬರೆದೋರಿಗೆ ತಮ್ಮ ಇದ್ನೇನೊ, ಮಗ?’ ಎಂದರು. ನಾನು ಏನೋ ಹೇಳಲು ಹೊರಟೆನು. ‘ಇರಲಿ, ಇನ್ನೊಂದ್ ಸಲ ಓದು’ ಎಂದರು.

ಎರಡನೆಯ ಸಲ ಓದಿ ಮುಗಿಸುವ ವೇಳೆಗೆ ತಾಯಿ ಕಾಫಿ ತಂದಿಟ್ಟಿದ್ದರು. ತಂದೆ ಚೊಂಬನ್ನೆತ್ತಿ ಮೊದಲು ನನ್ನ ಕಡೆಗೆ ಚಾಚಿದರು. ನಾನು ಅರ್ಧ ಕುಡಿದು ಕೊಟ್ಟೆನು. ಎಲೆ ಹಳದಿಗೆ ತಿರುಗಿದ್ದಿತು. ಕಾವು ಏರಿಸಬೇಕಾದ ಹೊತ್ತು. ಇಬ್ಬರೂ ಎದ್ದು ಸೌದೆ ತರಲು ಹೋದೆವು.